ಕೊನೆಯ ಗಂಟಿನ ಬಿಳಿ ಪಟ್ಟಿ

"ವಕೀಲರು ಬೇಕಾದ್ರ ಯಾರನ್ನರ ಕೊಡ್ರಿ ಸಾಹೇಬ್ರ... ಆದ್ರ ಇವರು ಮಾತ್ರ ಬ್ಯಾಡ!"

ಬ್ಯಾಡಗಿ ಕೋರ್ಟಿನ ಆ ಸಣ್ಣ ಹಾಲ್‌ನಲ್ಲಿ ಎಲ್ಲರೂ ತಿರುಗಿ ನೋಡಿದರು. ಟೈಪ್ ಮಾಡುತ್ತಿದ್ದವರ ಬೆರಳೂ ನಿಂತಿತು.

ಅರುಣಾಳ ಕಿವಿ ಬಿಸಿಯಾಯಿತು. ಐದು ವರ್ಷ ಕರಿ ಕೋಟು ಹಾಕಿದ್ದಾಳೆ, ಸೋತಿದ್ದಾಳೆ, ಗೆದ್ದಿದ್ದಾಳೆ. ಆದರೆ ತುಂಬಿದ ಕೋರ್ಟಿನಲ್ಲಿ ಬೆರಳು ತೋರಿಸಿ ಬೇಡ ಅಂದವರು ಯಾರೂ ಇರಲಿಲ್ಲ!

ಕಟಕಟೆಯಲ್ಲಿ ನಿಂತಿದ್ದವನು ಮಾಂತೇಶ, ರಾಣೆಬೆನ್ನೂರಿನವನು. ಸ್ವಂತದ್ದೊಂದು ಲಾರಿ, ಅದಕ್ಕೆ ಅವನೇ ಮಾಲೀಕ, ಅವನೇ ಡ್ರೈವರ್. ಅವನ ಮೇಲೆ ಆರೋಪ ಎರಡು. ಲಾರಿಯಲ್ಲಿ ಮಿತಿ ಮೀರಿ ಭಾರ ಹೇರಿದ್ದು ಒಂದು. ಹೇರನ್ನು ಸರಿಯಾಗಿ ಕಟ್ಟದೆ ರಸ್ತೆಗೆ ತಂದದ್ದು ಇನ್ನೊಂದು. ಮೋಟೆಬೆನ್ನೂರಿನ ಹತ್ತಿರ ಅವನ ಲಾರಿಯಿಂದ ಮೆಣಸಿನಕಾಯಿ ಚೀಲವೊಂದು ಜಾರಿ ಬಿದ್ದು, ಹಿಂದೆ ಸ್ಕೂಟರಿನಲ್ಲಿದ್ದ ಹೊಸರಿತ್ತಿಯ ಮಾಸ್ತರರೊಬ್ಬರು ಉರುಳಿ ಮೊಣಕಾಲು ತರಚಿಕೊಂಡಿದ್ದರು.

ಎರಡರಲ್ಲಿ ಒಂದು ಸಾಬೀತಾಗಿ ಶಿಕ್ಷೆಯಾದರೂ ಮೂರು ತಿಂಗಳು ಲೈಸೆನ್ಸ್ ಇಲ್ಲ ಎಂದು ನೋಟಿಸ್ ಬಂದಿತ್ತು. ಅದೂ ಮೆಣಸಿನಕಾಯಿ ಸುಗ್ಗಿಯಲ್ಲಿ! ಹದಿನಾಲ್ಕು ವರ್ಷದಲ್ಲಿ ಒಂದು ಚೀಲವನ್ನೂ ಕೆಡವದ ಡ್ರೈವರ್ ಎಂಬ ಹೆಸರು ಹೋಗುವುದಂತೂ ಬೇರೆ.

ವಕೀಲರಿಲ್ಲದೆ ಬಂದಿದ್ದ ಅವನಿಗೆ ಕಾನೂನು ನೆರವಿನ ಪಟ್ಟಿಯಿಂದ ನ್ಯಾಯಾಧೀಶರು ಅರುಣಾಳನ್ನು ನೇಮಿಸಿದ್ದರು. ಅದಕ್ಕೆ ಬಂದ ಉತ್ತರ ಇದು.

"ಇವರು ಯಾಕೆ ಬೇಡ?" ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿದರು.

"ಕಾರಣ ಹೇಳಂಗಿಲ್ರಿ."

"ಹಾಗಾದರೆ ಇವರೇ ಇರಲಿ. ಹೊರಗೆ ಹೋಗಿ ಮಾತಾಡಿಕೊಳ್ಳಿ. ಎರಡು ವಾರ ಬಿಟ್ಟು ಬನ್ನಿ."

ವರಾಂಡಕ್ಕೆ ಬರುವ ಹೊತ್ತಿಗೆ ಅರುಣಾಳ ಸಿಟ್ಟು ನೆತ್ತಿಗೇರಿತ್ತು. ನಮ್ಮ ಅರುಣಾಗೆ ಸಿಟ್ಟು ಬಂದರೆ ಕೋರ್ಟಿನ ಪುಸ್ತಕದ ಭಾಷೆ ಮಾಯವಾಗಿ ಮೆಣಸಿನಕಾಯಿ ಮಾರುಕಟ್ಟೆ ಯಾರ್ಡಿನ ಭಾಷೆ ಬರುತ್ತದೆ.

"ನಿಲ್ರಿ! ಹೆಣ್ಣಮಗಳು ಲಾರಿ ಕೇಸ್ ಏನ್ ನಡಸ್ತಾಳ ಅಂತೇನು? ಇಲ್ಲಾ ಹಮಾಲನ ಮಗಳು ಅಂತೇನು?"

ಮಾಂತೇಶ ತಲೆ ಎತ್ತಿದ. ಗಡ್ಡದ ಮುಖ, ದಣಿದ ಕಣ್ಣು. ಆ ಕಣ್ಣಲ್ಲಿ ತಾತ್ಸಾರ ಇರಲಿಲ್ಲ. ಇದ್ದದ್ದೇನು ಎಂದು ಅರುಣಾಗೆ ಆಗ ತಿಳಿಯಲೂ ಇಲ್ಲ.

"ಹಮಾಲರ ಮಗಳು ಅನ್ನೋದಕ್ಕ... ಹೌದ್ರಿ" ಎಂದ ಮೆಲ್ಲಗೆ.

ಅರುಣಾಗೆ ಕಪಾಳಕ್ಕೆ ಹೊಡೆದಂತಾಯಿತು.

ಅವಳ ಅಪ್ಪ ಹೇಮಪ್ಪ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೂವತ್ತೈದು ವರ್ಷದಿಂದ ಚೀಲ ಹೊತ್ತವನು, ಈಗ ಹನ್ನೆರಡು ಹಮಾಲರ ಗುಂಪಿಗೆ ಹಿರಿಯ. ಆ ಬೆನ್ನಿನ ದುಡಿಮೆಯಲ್ಲಿ ಓದಿ ವಕೀಲಳಾದವಳು ಇವಳು. ಆ ಮಾತಿಗೆ ನಾಚಿಕೆಪಡುವ ಹುಡುಗಿ ಅಲ್ಲವೇ ಅಲ್ಲ. 'ಇವನ ಕೇಸು ಗೆದ್ದೇ ತೋರಿಸ್ತೀನಿ. ಆಮೇಲೆ ಇವನ ಮುಖ ನೋಡೋದಿಲ್ಲ!' ಎಂದುಕೊಂಡಳು.

"ಇಲ್ಲಿ ಕೇಳ್ರಿ. ಕೇಸ್ ಹಾಕಿದ ಇನ್‌ಸ್ಪೆಕ್ಟರು ನಿಮ್ಮ ಲಾರಿ ತೂಕ ಮಾಡ್ಸಿದ್ರೇನು?"

"ಇಲ್ರಿ. ಎತ್ತರ ನೋಡಿದ್ರು, ಬರಕೊಂಡ್ರು."

"ಕಣ್ಣಳತಿಯಾಗ ಟನ್ ಅಳದ್ರೇನು? ಹಂಗಾರ ಮೊದಲನೇ ಆರೋಪ ನಿಲ್ಲೂದಿಲ್ಲ. ವಕಾಲತ್ತಿಗೆ ಸಹಿ ಹಾಕ್ರಿ."

ಅವನು ಹಾಳೆ ತೆಗೆದುಕೊಂಡ. "ಒಂದು ಮಾತ್ರಿ. ಭಾರದ ಕೇಸ್ ನೀವು ಬಡದಾಡ್ರಿ. ಚೀಲ ಬಿದ್ದದ್ದು ನನ್ನ ತಪ್ಪ. ಅದು ಹೆಂಗ ಬಿತ್ತು ಅಂತ ಕೇಳಬಾರದು."

"ಯಾಕ?"

ಅವನು ಸಹಿ ಹಾಕಿ ಪೆನ್ನು ಕೊಟ್ಟ.

*

ಅರುಣಾ ಯಾರ್ಡಿಗೆ ಕಾಲಿಟ್ಟು ನಾಲ್ಕೈದು ವರ್ಷವೇ ಆಗಿತ್ತು. "ನೀ ಇಲ್ಲಿ ಬರಬ್ಯಾಡ ಯವ್ವಾ, ಕರಿ ಕೋಟಿಗೆ ಧೂಳ ಹತ್ತೈತಿ" ಎಂದು ಅಪ್ಪ ತಡೆಯುತ್ತಿದ್ದ. ಅವತ್ತು ಅವನು ಇನ್ನೊಂದು ತುದಿಯ ಕೋಲ್ಡ್ ಸ್ಟೋರೇಜಿನಲ್ಲಿದ್ದ. ಇವಳು ನೇರ ಗೇಟಿನ ಹತ್ತಿರದ ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ ಆ ದಿನದ ತೂಕದ ಚೀಟಿಯ ನಕಲು ತೆಗೆಸಿದಳು. ಹದಿನಾರು ಟನ್ ಹೊರುವ ಲಾರಿಯಲ್ಲಿ ಹನ್ನೊಂದೇ ಟನ್!

ಬ್ಯಾಡಗಿ ಮೆಣಸಿನಕಾಯಿ ಹಾಗೇ. ಚೀಲ ನೋಡಿದರೆ ಆನೆ, ಎತ್ತಿದರೆ ಹಗುರ. ಲಾರಿ ಮುಗಿಲು ಮುಟ್ಟಿರುತ್ತದೆ, ತೂಕ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಹೊರಗಿನವರಿಗೆ ಇದು ಗೊತ್ತಾಗುವುದಿಲ್ಲ.

"ಆಕ್ಷೀ!"

ತಿರುಗಿದರೆ ಮಾಂತೇಶ. ಮೂಗಿಗೆ ಟವೆಲ್ ಹಿಡಿದು ಒಂದರ ಮೇಲೊಂದು ಸೀನುತ್ತಿದ್ದ. ಪಕ್ಕದಲ್ಲೇ ಕೆಂಪು ರಾಶಿ ಸುರುವುತ್ತಿದ್ದರು.

"ಹದಿನಾಲ್ಕು ವರ್ಷ ಮೆಣಸಿನಕಾಯಿ ಹೊತ್ತೀರಿ, ಇನ್ನೂ ಘಾಟು ತಡಿಯೂದಿಲ್ಲೇನು?" ಅರುಣಾಗೆ ಸಿಟ್ಟು ಮರೆತು ನಗು ಬಂತು.

"ನಿಮಗ... ಆಕ್ಷೀ!... ನಿಮಗ ಏನೂ ಆಗವಲ್ದಲ್ರಿ?"

"ನಾ ಇದ ಘಾಟಿನಾಗ ತೊಟ್ಟಿಲದಾಗ ಆಡೀನಿ."

ಅವನು ನಕ್ಕ. ಕೆಂಪಾದ ಮೂಗು, ನೀರು ತುಂಬಿದ ಕಣ್ಣು, ಆ ನಗು... ಅರುಣಾಗೆ ಕಣ್ಣು ಕೀಳಲಾಗಲಿಲ್ಲ. 'ಛೇ! ಹಮಾಲನ ಮಗಳು ಬೇಡ ಅಂದವನು ಇವನು!' ಎಂದು ತನಗೆ ತಾನೇ ಗದರಿಕೊಂಡಳು.

ಅಲ್ಲೇ ಒಂದು ಲಾರಿಯ ಹೇರು ಮುಗಿದಿತ್ತು. ತಾಡಪತ್ರಿಯ ಮೇಲೆ ಹಗ್ಗ ಬಿಗಿದು, ಗುಂಪಿನ ಹಿರಿಯ ಕೊನೆಯ ಗಂಟಿಗೆ ಹಳದಿ ಬಟ್ಟೆಯ ಚೂರು ಕಟ್ಟಿದ. ಅದು ಇಲ್ಲಿಯ ಹಳೆಯ ರೂಢಿ. ಒಬ್ಬೊಬ್ಬ ಹಿರಿಯನದು ಒಂದೊಂದು ಚೂರು. ಕಟ್ಟಿದ ಎಂದರೆ 'ಈ ಹೇರಿಗೆ ನಾನು ಜವಾಬ್ದಾರ' ಎಂದ ಹಾಗೆ. ಆಮೇಲೆ ಹಿರಿಯನ ಕಣ್ಣೆದುರು ಯಾವ ಡ್ರೈವರೂ ಆ ಹಗ್ಗ ಜಗ್ಗಿ ನೋಡುವುದಿಲ್ಲ. ನೋಡಿದರೆ ಅದು ಮುಖಕ್ಕೆ ಹೊಡೆದ ಹಾಗೆ.

ಅಪ್ಪ ತಲೆಗೆ ಸುತ್ತುವ ಹಳೆಯ ಪಟಗದ ಕೆಂಪು ಅಂಚು ಕಟ್ಟುತ್ತಿದ್ದುದು ಅರುಣಾಗೆ ನೆನಪಾಯಿತು.

"ಅವತ್ತು ನಿಮ್ಮ ಲಾರಿಗೆ ಹೇರಿದ್ದು ಯಾರ ಗುಂಪು?"

ಮಾಂತೇಶನ ನಗು ಆರಿತು. "ಕೇಳಬಾರದು ಅಂದಿದ್ದೆ" ಎಂದವನೇ ಲಾರಿ ಹತ್ತಿ ಹೋದ.

ಹೋಗುತ್ತಿದ್ದ ಲಾರಿಯನ್ನೇ ನೋಡುತ್ತ ನಿಂತಳು. ಎಂಥ ಗರ್ವ! ಆದರೆ ಗರ್ವದವರು ಸುಳ್ಳು ಹೇಳಿ ಪಾರಾಗಲು ನೋಡುತ್ತಾರೆ. ಇವನು ತಪ್ಪು ತನ್ನದು ಎಂದು ಹಟ ಹಿಡಿದಿದ್ದಾನಲ್ಲ... ಯಾಕೆ?

*

ಉತ್ತರ ಸಿಕ್ಕಿದ್ದು ಮೂರು ದಿನದ ನಂತರ, ಕೇಸಿನ ಕಾಗದಗಳ ನಕಲು ಕೈಗೆ ಬಂದಾಗ.

ಇನ್‌ಸ್ಪೆಕ್ಟರು ತೆಗೆದ ಫೋಟೊ. ಲಾರಿಯ ಬಲಬದಿ, ವಾಲಿದ ಹೇರು. ಹಗ್ಗ ಉಯ್ಯಾಲೆಯ ಹಾಗೆ ಜೋತುಬಿದ್ದಿತ್ತು. ಅದರ ಕೊನೆಯ ಗಂಟಿಗೆ ಒಂದು ಬಿಳಿ ಪಟ್ಟಿ.

ಅರುಣಾ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆ ಪಟ್ಟಿಯ ಅಂಚಿನಲ್ಲಿ ಒಂದು ನೀಲಿ ಹೊಲಿಗೆ. ಶಾಯಿ ಬಿದ್ದಿದ್ದ ಜಾಗವನ್ನು ಮುಚ್ಚಲು ಅವಳೇ ಹಾಕಿದ್ದ ಹೊಲಿಗೆ!

ವಕೀಲರು ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡ್. ಅವಳ ಮೊದಲ ವರ್ಷದ್ದು. "ಹಳೇವು ಅದಾವೇನ ಯವ್ವಾ? ಚಷ್ಮಾ ಒರಸಾಕ ಬೇಕಿತ್ತು" ಎಂದು ಅಪ್ಪ ಕೇಳಿ ತೆಗೆದುಕೊಂಡಿದ್ದ. ಚಷ್ಮಾ ಒರೆಸಲು ಅಲ್ಲ... ಮಗಳ ಬ್ಯಾಂಡ್ ಕತ್ತರಿಸಿ, ತಾನು ಕಟ್ಟಿದ ಹೇರುಗಳಿಗೆಲ್ಲ ಕಟ್ಟಿ ಊರೂರಿಗೆ ಕಳಿಸುತ್ತಿದ್ದ! 'ನೋಡ್ರಿ, ಇದು ವಕೀಲಳ ಅಪ್ಪ ಕಟ್ಟಿದ ಹೇರು' ಎಂದು ಸಾರುತ್ತಿದ್ದ!

ಕಣ್ಣು ತುಂಬಿ ಬಂತು. ಮರುಕ್ಷಣವೇ ಹೊಳೆಯಿತು. ಹಾಗಾದರೆ ಬಿದ್ದ ಚೀಲ... ಅಪ್ಪ ಕಟ್ಟಿದ ಹೇರಿನದು.

ಮಧ್ಯಾಹ್ನವೇ ಬಸ್ ಹಿಡಿದು ಮೋಟೆಬೆನ್ನೂರು ಕ್ರಾಸಿಗೆ ಹೋದಳು. ಮಾಂತೇಶ ಲಾರಿಯ ಗಾಲಿಗೆ ಗಾಳಿ ತುಂಬಿಸುತ್ತಿದ್ದ. ಮಾತಿಲ್ಲದೆ ಫೋಟೊ ಅವನ ಮುಂದೆ ಹಿಡಿದಳು.

ಅವನು ಬಿಳಿಚಿಕೊಂಡ. "ನಿಮ್ಮ ಕೈಗೆ ಇದು ಸಿಗಬಾರದು ಅಂತನ ನಿಮ್ಮನ್ನ ಬ್ಯಾಡ ಅಂದೆ. ಅಪ್ಪನ ತಪ್ಪು ಮಗಳ ಕೈಯಾಗ ಹಿಡಿಸಬಾರದಲ್ರಿ..."

ಹಮಾಲರ ಮಗಳು ಅನ್ನೋದಕ್ಕೆ ಹೌದು ಎಂದಿದ್ದ ಆ ಮಾತು ಈಗ ಅರುಣಾಗೆ ಅರ್ಥವಾಯಿತು. ಇಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ!

"ಪೂರ್ತಿ ಹೇಳ್ರಿ" ಎಂದಳು.

"ಹೇಮಪ್ಪ ಕಾಕಾನ ಬಲತೋಳು ಎರಡು ವರ್ಷದಿಂದ ಮ್ಯಾಲ ಏಳವಲ್ದು. ಯಾರಿಗೂ ಹೇಳಿಲ್ಲ ಅವರು. ನನ್ನ ಲಾರಿಗೆ ಹಗ್ಗದ ಕೊನೀ ಜಗ್ಗೂದು ಸುಮ್ನ ನಾನ ಜಗ್ತಿದ್ದೆ. ಅವರು ಗಂಟು ಹಾಕಿ ಪಟ್ಟಿ ಕಟ್ತಿದ್ರು. ಅವತ್ತು ನಾ ಗೇಟ್ ಪಾಸ್ ತರಾಕ ಹೋಗಿದ್ದೆ. ಬರೂದ್ರಾಗ ಪಟ್ಟಿ ಕಟ್ಟಿ ಮುಗಿಸಿ, ಮೀಸಿ ಮ್ಯಾಲ ಕೈ ಹಾಕಿ ನಿಂತಿದ್ರು. ತಾವೊಬ್ಬರ ಜಗ್ಗ್ಯಾರ ಅಂತ ಖುಷಿ ಅವರ ಮಾರಿ ಮ್ಯಾಲ..."

"ಆಮ್ಯಾಲ?"

"ಅವರ ಮುಂದ ಹಗ್ಗ ಮುಟ್ಟಿ ನೋಡಾಕ ನನ್ನ ಕೈ ಏಳಲಿಲ್ರಿ. ಮೋಟೆಬೆನ್ನೂರಾಗ ನಿಂದ್ರಸಿ ಬಿಗಿತೀನಿ ಅಂದ್ಕೊಂಡೆ. ಎರಡು ಕಿಲೋಮೀಟರ್ ಮೊದಲ ಚೀಲ ಬಿತ್ತು." ಅವನು ತಲೆ ತಗ್ಗಿಸಿದ. "ಬ್ರೇಕ್ ಜೋರ ಹಾಕಿದೆ, ಅದಕ್ಕ ಬಿತ್ತು ಅಂತ ಕಾಕಾಗ ಹೇಳೀನಿ. ಅವರಿಗೆ ತಿಳಿಸಬ್ಯಾಡ್ರಿ. ಆ ಪಟ್ಟಿ ಕಟ್ಟೂದು ಬಿಟ್ರ ಆ ಮನಷ್ಯಾ ಬದುಕೂದಿಲ್ಲ."

"ಲೈಸೆನ್ಸ್ ಹೋಗ್ತೈತಿ ಮಾಂತೇಶ. ನಿಮ್ಮ ಹೆಸರು ಹೋಗ್ತೈತಿ!"

"ಮೂರು ತಿಂಗಳಿಗೆ ಲೈಸೆನ್ಸ್ ವಾಪಸ್ ಬರ್ತೈತ್ರಿ. ಕಾಕಾನ ಮೂವತ್ತೈದು ವರ್ಷದ ಹೆಸರು ಹೋದ್ರ ಬರ್ತೈತೇನು?"

ಅರುಣಾ ಫೋಟೊವನ್ನು ಫೈಲಿಗೆ ಸೇರಿಸಿದಳು. ಕೇಸು ಅವನದು, ಗುಟ್ಟು ಅವನದು. ಅವನು ಬೇಡ ಎಂದರೆ ವಕೀಲಳಾಗಿ ಬಾಯಿ ಬಿಡುವಂತಿಲ್ಲ. ಮಗಳಾಗಿ ಅಪ್ಪನ ತೋಳು ಹಿಡಿದು ಅಳುವಂತೆಯೂ ಇಲ್ಲ. ಅವತ್ತು ಸಂಜೆ ಅಪ್ಪ ಎಡಗೈಯಿಂದ ಅಟ್ಟದ ಮೇಲಿನ ತಾಮ್ರದ ಕೊಡ ಇಳಿಸುವುದನ್ನು ನೋಡಿ, ಮುಖ ತಿರುಗಿಸಿ ಒಳಗೆ ಹೋದಳು.

*

ಕೋರ್ಟು ಕೊಟ್ಟ ಎರಡು ವಾರ ಮುಗಿಯಿತು. ವಿಚಾರಣೆಯ ದಿನ ಅರುಣಾ ಕೋರ್ಟ್ ಹಾಲ್‌ನೊಳಗೆ ಬಂದು ನೋಡುತ್ತಾಳೆ, ಹಿಂದಿನ ಬೆಂಚಿನಲ್ಲಿ ಅಪ್ಪ! ಇಸ್ತ್ರಿ ಮಾಡಿದ ಬಿಳಿ ಧೋತರ, ಕೆಂಪು ಪಟಗ.

"ಇವತ್ತ ಪ್ಯಾಟಿ ಸೂಟಿ ಐತಿ ಯವ್ವಾ. ನನ್ನ ಮಗಳು ಹೆಂಗ ವಾದಾ ಮಾಡ್ತಾಳ ನೋಡಬೇಕಂತ ಬಂದೇನಿ" ಎಂದ ಹೇಮಪ್ಪ, ಪಕ್ಕದವನಿಗೂ ಕೇಳುವ ಹಾಗೆ.

ಕಟಕಟೆಯಲ್ಲಿ ಮಾಂತೇಶ ಕಣ್ಣಲ್ಲೇ ಕೇಳಿದ: 'ನೀವು ಹೇಳಿದ್ರೇನು?' ಇಲ್ಲ ಎಂದು ಅವಳು ತಲೆ ಅಲ್ಲಾಡಿಸಿದಳು.

ಇನ್‌ಸ್ಪೆಕ್ಟರು ಸಾಕ್ಷಿಗೆ ನಿಂತರು. ಅರುಣಾ ಎದ್ದಳು. ಎದ್ದ ಮೇಲೆ ಧ್ವನಿ ತಾನಾಗಿ ಗಟ್ಟಿಯಾಯಿತು.

"ಲಾರಿಯಲ್ಲಿ ಎಷ್ಟು ಭಾರವಿತ್ತು ಸರ್?"

"ಮಿತಿಗಿಂತ ಜಾಸ್ತಿ ಇತ್ರಿ."

"ಎಷ್ಟು ಜಾಸ್ತಿ?"

"ಅದು... ಎತ್ತರ ನೋಡಿದ್ರ ಗೊತ್ತಾಗ್ತೈತ್ರಿ."

"ಮುಂದೆ ನಾಲ್ಕು ಕಿಲೋಮೀಟರಿನಲ್ಲೇ ವೇಬ್ರಿಡ್ಜ್ ಇತ್ತು. ತೂಕ ಮಾಡಿಸಿದಿರಾ?"

"ಇಲ್ಲ."

"ಒಂದು ಮೆಣಸಿನಕಾಯಿ ಚೀಲ ಎಷ್ಟು ತೂಗುತ್ತದೆ?"

"ಒಂದು ಕ್ವಿಂಟಲ್ ಇರಬಹುದ್ರಿ..."

ಹಿಂದಿನ ಬೆಂಚಿನಿಂದ ನಗೆ ಕೇಳಿತು. ಹೇಮಪ್ಪ ತಡೆಯಲಾಗದೆ ನಕ್ಕಿದ್ದ.

"ಅದು ಭತ್ತದ ಚೀಲಕ್ಕೂ ಇಲ್ಲ ಸರ್. ಬ್ಯಾಡಗಿ ಮೆಣಸಿನಕಾಯಿ ನಲವತ್ತು ಕಿಲೋ ಮೇಲೆ ಸ್ವಲ್ಪ ಅಷ್ಟೇ." ಅರುಣಾ ತೂಕದ ಚೀಟಿಯನ್ನು ನ್ಯಾಯಾಧೀಶರಿಗೆ ಕೊಟ್ಟಳು. "ಹದಿನಾರು ಟನ್ನಿನ ಲಾರಿಯಲ್ಲಿ ಹನ್ನೊಂದು ಟನ್. ತೂಕವನ್ನೇ ಮಾಡದೆ ಹೊರಿಸಿದ ಆರೋಪ ಇದು ಸ್ವಾಮಿ."

ನ್ಯಾಯಾಧೀಶರು ಬರೆದುಕೊಂಡರು. ಹೇಮಪ್ಪನ ಮೀಸೆ ಇನ್ನೊಂದಿಷ್ಟು ಮೇಲೇರಿತು.

ಇನ್‌ಸ್ಪೆಕ್ಟರು ಬಿಡಲಿಲ್ಲ. "ಭಾರ ಬಿಡ್ರಿ. ಹೇರು ಕಟ್ಟಿದ್ದರ ನೋಡ್ರಿ!" ಎಂದು ದೊಡ್ಡದು ಮಾಡಿಸಿದ ಫೋಟೊ ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದರು. "ಈ ಹಗ್ಗ ನೋಡ್ರಿ, ಹೆಂಗ ಜೋತಾಡಾಕತ್ತೇತಿ!"

"ಚೀಲ ಬಿದ್ದದ್ದು ನನ್ನ ತಪ್ರಿ! ಒಪ್ತೇನಿ!" ಮಾಂತೇಶ ಗಾಬರಿಯಲ್ಲಿ ಕೂಗಿದ. "ಫೋಟೊ ಕೆಳಗಿಡ್ರಿ!"

ತಡವಾಗಿತ್ತು.

ಹೇಮಪ್ಪ ಎದ್ದು ನಿಂತಿದ್ದ. ನಗು ಇರಲಿಲ್ಲ. ಬಿಳಿ ಪಟ್ಟಿ ನೋಡಿದ. ಜೋತ ಹಗ್ಗ ನೋಡಿದ. ಕಟಕಟೆಯಲ್ಲಿದ್ದ ಹುಡುಗನನ್ನು ನೋಡಿದ. ಮೂವತ್ತೈದು ವರ್ಷ ಹಗ್ಗ ಹಿಡಿದವನಿಗೆ ಯಾರೂ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಸಾಹೇಬ್ರ... ಆ ಹೇರು ಕಟ್ಟಿದಾಂವ ನಾನು."

"ಕಾಕಾ, ಬ್ಯಾಡ! ಕುಂದ್ರಿ!"

"ನೀ ಸುಮ್ನಿರೋ ತಮ್ಮಾ. ಎರಡು ವರ್ಷ ನನ್ನ ಕೈ ನೀ ಆಗಿದ್ದಿ. ಇನ್ನ ನನ್ನ ಬಾಯಿನೂ ನೀ ಆಗಬ್ಯಾಡ." ಹೇಮಪ್ಪ ನ್ಯಾಯಾಧೀಶರ ಕಡೆ ತಿರುಗಿದ. "ನನ್ನ ಬಲತೋಳು ಏಳೂದಿಲ್ರಿ. ಹೇಳಿದ್ರ ಮರ್ಯಾದಿ ಹೋಗ್ತೈತಿ ಅಂತ ಮುಚ್ಚಿಟ್ಟೆ. ಅವತ್ತ ಒಬ್ಬನ ಜಗ್ಗಿದೆ, ಬಿಗಿಯಾತು ಅಂತ ತಿಳಕೊಂಡೆ. ನನ್ನ ಹೆಸರು ಉಳಿಸಾಕ ಈ ಹುಡುಗ ತನ್ನ ಲೈಸೆನ್ಸ್ ಕಳಕೋತಾನಂದ್ರ... ಅಂಥಾ ಹೆಸರು ನನಗ ಬ್ಯಾಡ್ರಿ."

ಅರುಣಾ ಎರಡು ಹೆಜ್ಜೆ ಮುಂದೆ ಬಂದಳು.

"ಸ್ವಾಮಿ, ಇವರು ಹೇಮಪ್ಪ. ನನ್ನ ತಂದೆ." ಆ ಎರಡು ಶಬ್ದಗಳನ್ನು ತಲೆ ಎತ್ತಿಯೇ ಹೇಳಿದಳು. "ಇನ್ನು ನಾನು ಈ ಕೇಸಿನಲ್ಲಿರುವುದು ಸರಿಯಲ್ಲ. ಆರೋಪಿಗೆ ಬೇರೆ ವಕೀಲರನ್ನು ನೇಮಿಸಬೇಕು."

ನ್ಯಾಯಾಧೀಶರು ಕನ್ನಡಕ ತೆಗೆದರು. "ಮಾಂತೇಶ, ಅವತ್ತೇ ನೀವು ಇವರು ಬೇಡ ಎಂದಿರಿ. ಈಗ ಕಾರಣ ತಿಳಿಯಿತು. ಬೇರೆಯವರನ್ನು ಕೊಡಲೇ?"

ಮಾಂತೇಶ ಅರುಣಾಳನ್ನು ನೋಡಿದ. ಒಂದು ಕ್ಷಣ ಕೋರ್ಟು, ಇನ್‌ಸ್ಪೆಕ್ಟರು, ಫೋಟೊ ಯಾವುದೂ ಇರಲಿಲ್ಲ.

"ಬ್ಯಾಡ್ರಿ ಸಾಹೇಬ್ರ. ಎಲ್ಲಾ ಗೊತ್ತಿದ್ದ ಹೇಳಾಕತ್ತೇನಿ... ನನಗ ಇವರ ಬೇಕು!"

ಯಾರೋ ಕೆಮ್ಮಿದರು. ಯಾರೋ ನಕ್ಕರು. ಅರುಣಾಳ ಕಿವಿ ಮತ್ತೆ ಬಿಸಿಯಾಯಿತು, ಆದರೆ ಈ ಸಲದ ಬಿಸಿಯೇ ಬೇರೆ!

"ಹೂಂ. ಮುಂದುವರಿಸಿ ಅರುಣಾ. ಆದರೆ ಹೇರು ಯಾರೇ ಕಟ್ಟಲಿ, ರಸ್ತೆಗೆ ತಂದವನು ಚಾಲಕ."

"ಅದನ್ನು ನನ್ನ ಕಕ್ಷಿದಾರ ಮೊದಲ ದಿನದಿಂದ ಒಪ್ಪುತ್ತಲೇ ಬಂದಿದ್ದಾನೆ ಸ್ವಾಮಿ. ಬಿದ್ದವರನ್ನು ಬಿಟ್ಟು ಓಡಲಿಲ್ಲ, ಎತ್ತಿಕೊಂಡು ಆಸ್ಪತ್ರೆಗೆ ಒಯ್ದ. ಮಾಸ್ತರರ ಹೇಳಿಕೆಯಲ್ಲೇ ಅದಿದೆ. ಹದಿನಾಲ್ಕು ವರ್ಷದಲ್ಲಿ ಇದು ಮೊದಲ ತಪ್ಪು. ಮೊದಲ ತಪ್ಪಿಗೆ ಎಚ್ಚರಿಕೆ ಕೊಟ್ಟು ಬಿಡಲು ಕಾನೂನಿನಲ್ಲಿ ದಾರಿಯಿದೆ. ಹಾಗೆ ಬಿಟ್ಟರೆ ಲೈಸೆನ್ಸಿಗೂ ತೊಂದರೆ ಬರುವುದಿಲ್ಲ. ಇಂಥ ಮನುಷ್ಯ ರಸ್ತೆಯ ಮೇಲಿದ್ದರೆ ರಸ್ತೆಗೇ ಒಳ್ಳೆಯದು."

ಊಟದ ಬಿಡುವಿನ ನಂತರ ತೀರ್ಪು ಬಂತು. ಹೆಚ್ಚು ಭಾರದ ಆರೋಪ ವಜಾ. ಹೇರಿನ ತಪ್ಪಿಗೆ ಎಚ್ಚರಿಕೆ ಕೊಟ್ಟು ಬಿಡುಗಡೆ.

"ಇನ್ನು ಮುಂದೆ ಹಗ್ಗ ಜಗ್ಗಿ ನೋಡದೆ ಲಾರಿ ಚಾಲೂ ಮಾಡಬೇಡಿ" ಎಂದರು ನ್ಯಾಯಾಧೀಶರು. "ಯಾರ ಎದುರಿಗಾದರೂ ಸರಿ."

ಹೊರಗೆ ಬೇವಿನ ಮರದ ಕೆಳಗೆ ಹೇಮಪ್ಪ ನಿಂತಿದ್ದ. ಅರುಣಾ ಓಡಿ ಹೋಗಿ ಅವನ ಬಲತೋಳು ಹಿಡಿದಳು. "ಯಾಕಪ್ಪಾ ನನಗ ಹೇಳಲಿಲ್ಲ?"

"ನಿನ್ನ ಮುಂದನ ಗಟ್ಟ್ಯಾಗಿರಬೇಕನಸ್ತಿತ್ತು ಯವ್ವಾ..." ಹೇಮಪ್ಪ ಎಡಗೈಯಿಂದ ಅವಳ ಕಣ್ಣೊರೆಸಿದ. "ಇವತ್ತ ನಿನ್ನ ವಾದಾ ಕೇಳಿದ್ನಲ್ಲ... ಇನ್ನ ನನಗ ಎರಡೂ ತೋಳು ಬಂದಾವ."

*

ಸೋಮವಾರ ಯಾರ್ಡಿನಲ್ಲಿ ಮಾಂತೇಶನ ಲಾರಿಗೆ ಹೇರು ಮುಗಿದಿತ್ತು. ಹೇಮಪ್ಪ ಎಲ್ಲರಿಗೂ ಕೇಳುವ ಹಾಗೆ ಕೂಗಿದ. "ಇವತ್ತಿಂದ ನನ್ನ ಹೇರು ಡ್ರೈವರ್ ಜಗ್ಗಿ ನೋಡಬೇಕು, ನನ್ನ ಮುಂದನ ನೋಡಬೇಕು! ನೋಡೂದು ಅವಮಾನ ಅಲ್ಲ, ನೋಡದ ಹೋಗೂದು ಅವಮಾನ!"

ಮಾಂತೇಶ ಗಾಲಿಗೆ ಕಾಲು ಕೊಟ್ಟು, ಎಲ್ಲರ ಎದುರು ಹಗ್ಗ ಜಗ್ಗಿದ. ಹಗ್ಗ ಟಣ್ಣೆಂದಿತು. ಹೇಮಪ್ಪ ಗಂಟು ಹಾಕಿ ಜೇಬು ತಡಕಿದ. ಬಿಳಿ ಪಟ್ಟಿ ಮುಗಿದು ಹೋಗಿತ್ತು.

"ತಗೋಪಾ" ಎಂದಿತು ಹಿಂದಿನಿಂದ ಒಂದು ಧ್ವನಿ.

ಅರುಣಾ ಬಂದಿದ್ದಳು. ಕೋರ್ಟಿಗೆ ಹೊರಟ ಕರಿ ಕೋಟಿನಲ್ಲೇ, ಆ ಕೆಂಪು ಧೂಳಿನಲ್ಲೇ. ಕೊರಳಿನ ಬ್ಯಾಂಡ್ ಬಿಚ್ಚಿ ಮುಂದೆ ಹಿಡಿದಳು.

"ಇದು ಹೊಸಾದು ಐತಲ್ಲ ಯವ್ವಾ!"

"ನನ್ನ ಚೀಲದಾಗ ಇನ್ನೊಂದು ಐತಿ. ಚಷ್ಮಾ ಒರಸಾಕ ಕೇಳಬ್ಯಾಡ, ಬೇಕಾದ್ರ ಬೇಕು ಅಂತ ಕೇಳು."

ಹೇಮಪ್ಪ ಮಗಳನ್ನು ನೋಡಿದ, ಮಾಂತೇಶನನ್ನು ನೋಡಿದ. ವಯಸ್ಸಾದವನಿಗೆ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. "ನೀನ ಕಟ್ಟು. ನನಗ ಚಾ ಕುಡಿಯೂದೈತಿ" ಎಂದು ಹೊರಟೇಬಿಟ್ಟ.

ಅರುಣಾ ಪಟ್ಟಿಯನ್ನು ಗಂಟಿಗೆ ಸುತ್ತಿದಳು. ಮಾಂತೇಶ ಗಂಟನ್ನು ಅಲುಗದಂತೆ ಹಿಡಿದ. ಬೆರಳಿಗೆ ಬೆರಳು ತಾಕಿತು. ಇಬ್ಬರೂ ತೆಗೆಯಲಿಲ್ಲ.

"ಕೋರ್ಟಿನ್ಯಾಗ ಎಲ್ಲರ ಮುಂದ 'ಇವರ ಬೇಕು' ಅಂದ್ರಿ" ಎಂದಳು ಅವಳು, ಮುಖ ನೋಡದೆ. "ಕೇಸ್ ಮುಗೀತು. ಇನ್ನೂ ಬೇಕೇನು?"

"ನಾ ಕೇಸಿಗಂತ ಕೇಳಿರಲಿಲ್ರಿ."

"ಮತ್ತ?"

"ಎರಡು ವರ್ಷದಿಂದ ಹೇರು ಹೇರುವಾಗೆಲ್ಲ ಕಾಕಾ ನಿಮ್ಮ ಕಥಿ ಹೇಳ್ತಿದ್ರು. ಮೊದಲ ಕೇಸ್ ಗೆದ್ದದ್ದು, ಸಿಟ್ಟು ಬಂದ್ರ ಯಾರ್ಡಿನ ಭಾಷಾ ಬರೂದು... ನಿಮ್ಮನ್ನ ನೋಡೂಕಿಂತ ಮೊದಲ ನೀವು ನನಗ ಗೊತ್ತಿದ್ರಿ ಅರುಣಾ. ಆ ಪಟ್ಟಿ ಹಚ್ಚಿಕೊಂಡು ಎಷ್ಟೂರು ತಿರಗೀನಿ, ಮನಸಿನ್ಯಾಗ ಒಂದ ಹೆಮ್ಮಿ. ನಿಮ್ಮ ಜೋಡಿ ಬಾಳ್ವೆ ಮಾಡೂ ಆಸೆ ಐತಿ... ಆಕ್ಷೀ!"

ಅರುಣಾ ನಕ್ಕುಬಿಟ್ಟಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನೀರು ನಗುವಿನದೋ ಬೇರೆಯದೋ, ಅದನ್ನು ನಾವು ಕೇಳುವುದು ಬೇಡ.

"ಘಾಟಿಗೆ ಸೀನೂ ಗಂಡನ್ನ ಕಟಗೊಂಡು ಬ್ಯಾಡಗಿಯಾಗ ನಾ ಹೆಂಗ ತಲಿ ಎತ್ತಲಿ?"

"ಆಗೂದಿಲ್ಲಂತೀರೇನು?" ಅವನ ಮುಖ ಇಳಿಯಿತು.

ಅರುಣಾ ಉತ್ತರ ಕೊಡುವ ಮೊದಲು ಗಂಟಿನ ಹಗ್ಗ ಹಿಡಿದು, ಅವನ ಕಣ್ಣೆದುರೇ, ಇದ್ದ ಶಕ್ತಿಯನ್ನೆಲ್ಲ ಹಾಕಿ ಒಮ್ಮೆ ಜಗ್ಗಿ ನೋಡಿದಳು. ಅದು ಕೂದಲೆಳೆಯಷ್ಟೂ ಸಡಿಲಾಗಲಿಲ್ಲ.

"ನಂಬಿಕಿ ಇಲ್ಲೇನ್ರಿ?"

"ಇನ್ನ ಇದು ನಮ್ಮ ಮನೀ ಹೇರು..." ಅರುಣಾ ಅವನ ಕೈ ಹಿಡಿದಳು. "ಇನ್ನ ಮ್ಯಾಲ ದಿನಾ ಜಗ್ಗಿ ನೋಡೂದೈತಿ. ಲಗೂ ಹೋಗಿ, ಲಗೂ ಬಾ."